ಸಾಕು ಎನ್ನುವ ಮೊದಲು

“ಗುರುಗಳೇ, ಹೊಟ್ಟೆ ತುಂಬಿದ ಮೇಲೂ ನಾಲಿಗೆ ಬೇಕು ಬೇಕು ಎನ್ನುತ್ತದೆ. ಆ ಬೇಕನ್ನೇ ಕೊಂದುಬಿಟ್ಟರೆ ಮುಕ್ತಿಯಲ್ಲವೇ?” ಎಂದು ಶಿಷ್ಯ ಕೇಳಿದ. ಮಠದ ಅಡಿಗೆಯ ನೀಲವ್ವ ಬಡಿಸಿದ್ದಕ್ಕೆಲ್ಲ ಅವನು ಬೇವಿನ ಪುಡಿ ಬೆರೆಸಿ ನುಂಗುತ್ತಿದ್ದ. ಮೈ ಇಳಿದುಹೋಗಿತ್ತು.

ಗುರುಗಳು ಒಂದು ಕಥೆ ಹೇಳಿದರು.

ದಾರಿ ತಪ್ಪಿದ ಒಬ್ಬ ವ್ಯಾಪಾರಿ ಹೆಂಗಸು ಒಂದು ಮನೆಯ ಮುಂದೆ ನಿಂತು ಪೇಟೆಯ ದಾರಿ ಕೇಳಿದಳು. ಊರೂರು ತಿರುಗಿದವಳು, ದಾರಿ ತಪ್ಪುವುದು ಅವಳಿಗೆ ಹೊಸದಲ್ಲ. ಹೊಸದು ಬೇರೆ ಇತ್ತು. ಹಿಂದೆ ಮಂಡಿನೋವಿಗೆಂದು ಅವಳು ಅಫೀಮು ಹಿಡಿದಿದ್ದಳು. ಆಮೇಲೆ ಅಫೀಮೇ ಅವಳನ್ನು ಹಿಡಿಯಿತು. ಅದನ್ನು ಬಿಡಿಸಲು ಒಬ್ಬ ವೈದ್ಯ ಈಚೆಗೆ ಮದ್ದು ಶುರು ಮಾಡಿದ್ದ.

“ನಮ್ಮೆಲ್ಲರ ತಲೆಯೊಳಗೆ ಸಣ್ಣ ಸಣ್ಣ ಬೀಗಗಳಿವೆಯಮ್ಮ,” ಎಂದಿದ್ದ ವೈದ್ಯ. “ಅಫೀಮು ಅವಕ್ಕೆ ಕಳ್ಳ ಕೀಲಿ. ಅಸಲಿ ಕೀಲಿಯನ್ನು ಮೈಯೇ ಮಾಡಿಕೊಳ್ಳುತ್ತದೆ. ಬಾಯಿಗೆ ಒಳ್ಳೆಯದು ಬಿದ್ದಾಗ ಬೀಗ ತೆರೆದು, ಇನ್ನೊಂದು ತುತ್ತು ಎನಿಸುವುದು ಅದರಿಂದಲೇ. ನನ್ನ ಮದ್ದು ಬೀಗದ ತೂತಿಗೆ ಮೇಣ ತುಂಬುತ್ತದೆ. ಕಳ್ಳನೂ ಒಳಗೆ ಹೋಗಲಾರ, ಮನೆಯವನೂ ಹೋಗಲಾರ. ಸ್ವಲ್ಪ ಕಾಲ ತಡೆದುಕೊಳ್ಳಿ.”

ಆ ಮನೆಯ ರೈತ ಹೆಂಗಸು, “ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಉಣ್ಣಿ,” ಎಂದು ಕೂರಿಸಿದಳು. ಅಂದು ಕಣದಲ್ಲಿ ಸುಗ್ಗಿಯ ರಾಶಿಯ ದಿನ. ಹೊಸ ಗೋಧಿಯ ಹುಗ್ಗಿಗೆ ತುಪ್ಪ ಸುರಿದು, ಮನೆಯವರಿಗಿಂತ ಮೊದಲು ಅವಳಿಗೆ ಬಡಿಸಿದಳು. ವ್ಯಾಪಾರಿ ಒಂದು ತುತ್ತು ತಿಂದಳು. ಸಿಹಿ ಎಂಬುದು ತಿಳಿಯಿತು, ಹಿತ ಎಂಬುದು ತಿಳಿಯಲಿಲ್ಲ. “ಸಾಕು,” ಎಂದಳು.

ಸೌಟು ಹಿಂದೆ ಸರಿಯಿತು. “ಸಾಕು ಎನ್ನುವ ಮೊದಲು ಒಂದು ಸಲವಾದರೂ ಬೇಕು ಎನ್ನಬೇಕಮ್ಮ. ನಿಮ್ಮ ಕಡೆ ಹೇಗೋ,” ಎಂದಳು ರೈತ ಹೆಂಗಸು. ಆಮೇಲೆ ಮುಖ ನೋಡದೆ ಪೇಟೆಯ ದಾರಿ ತೋರಿಸಿದಳು.

ಕಾಲ ಕಳೆಯಿತು. ಅಫೀಮು ಬಿಟ್ಟುಹೋಯಿತು, ವೈದ್ಯ ಮದ್ದು ನಿಲ್ಲಿಸಿದ. ಒಂದು ಬೆಳಿಗ್ಗೆ ಅವಳು ನಡೆಯುತ್ತ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡಳು. ಅಲ್ಲೇ ನಿಂತುಬಿಟ್ಟಳು. ಕೈ ತಾನಾಗಿ ಮತ್ತೆ ಚೀಲಕ್ಕೆ ಹೋಗಿತ್ತು. ಅವಳು ವೈದ್ಯನಿದ್ದ ದಿಕ್ಕಿಗೆ ಕೈ ಮುಗಿದಳು. ಸರಕು ಹೋಗಬೇಕಾಗಿದ್ದು ಒಂದು ಕಡೆ, ಅವಳು ತಿರುಗಿದ್ದು ಇನ್ನೊಂದು ಕಡೆ. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ.

“ಅಂದು ತಟ್ಟೆಯಲ್ಲಿ ಬಿಟ್ಟುಹೋದದ್ದನ್ನು ಉಣ್ಣಲು ಬಂದೆ,” ಎಂದಳು, ಅದೇ ಮನೆಯ ಮುಂದೆ ನಿಂತು.

“ಅದನ್ನು ಅಂದೇ ಎಮ್ಮೆಗೆ ಹಾಕಿದೆ. ಅದು ಸಾಕು ಎನ್ನಲಿಲ್ಲ,” ಎಂದಳು ರೈತ ಹೆಂಗಸು. “ಇವತ್ತು ಬರಿ ರೊಟ್ಟಿ, ಚಟ್ನಿ.”

ವ್ಯಾಪಾರಿ ಕೂತು ತಿಂದಳು. “ಇನ್ನೊಂದು ಬೇಕು ತಾಯಿ,” ಎಂದಳು. ಅದನ್ನೂ ತಿಂದಳು. ಮತ್ತೊಂದು ರೊಟ್ಟಿ ಬಂದಾಗ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, “ಸಾಕು,” ಎಂದಳು.

ರೈತ ಹೆಂಗಸು ನಕ್ಕು, ಕೈಗಳ ಮೇಲೆಯೇ ಅರ್ಧ ರೊಟ್ಟಿ ಇಟ್ಟಳು.

ಗುರುಗಳು ಶಿಷ್ಯನ ತಟ್ಟೆಯ ಬದಿಯಲ್ಲಿದ್ದ ಬೇವಿನ ಪುಡಿಯತ್ತ ನೋಡಿದರು.

“ನೀಲವ್ವನ ಋಣವನ್ನು, ಬೇಕು ಎನ್ನದ ನೀನು ಯಾವ ಬಾಯಿಂದ ತೀರಿಸುತ್ತೀಯಪ್ಪ?”