ಬೀಗರ ಮುಂದೆ ಹೇಳಿದ ‘ಇಲ್ಲ’

“ಗುರುಗಳೇ, ಒಬ್ಬ ತಪ್ಪು ಮಾಡಿದ. ಆಮೇಲೆ ಅದನ್ನು ಬಿಟ್ಟೂ ಬಿಟ್ಟ. ಮುಂದೊಮ್ಮೆ ಯಾರೋ ಕೇಳಿದಾಗ ಆ ಹಳೆಯ ಮಾತನ್ನು ಹೇಳಲೇಬೇಕೆ? ‘ಅಂಥದ್ದೇನೂ ಇಲ್ಲ’ ಎಂದುಬಿಟ್ಟರೆ ಯಾರ ಗಂಟು ಹೋಗುತ್ತದೆ?”

ಕೇಳಿದವನು ಗುರುಪಾದಯ್ಯ, ಮಠಕ್ಕೆ ಬಂದು ಇನ್ನೂ ವರ್ಷ ತುಂಬದ ಶಿಷ್ಯ. ಬೆಳಗಿನ ಪೂಜೆ ಮುಗಿಸಿ ಜಗಲಿಯ ಮೇಲೆ ಕೂತಿದ್ದ ಗುರುಗಳು ಅವನ ಕಡೆ ತಿರುಗಿದರು.

“ನಿನ್ನ ಪ್ರಶ್ನೆ ಕಾವಿ ಉಟ್ಟುಕೊಂಡು ಬಂದಿದೆ, ಬುದ್ಧಿ ಮಾತ್ರ ಇನ್ನೂ ಪೇಟೆಯದು. ಕೂತುಕೋ. ಒಂದು ಕತೆ ಹೇಳುತ್ತೇನೆ. ಪುರಾಣದ್ದಲ್ಲ, ಕಾರಿನ ವಿಮೆಯದು.”

ಶಿಷ್ಯನಿಗೆ ನಗು ಬಂತು. ಗುರುಗಳು ನಗಲಿಲ್ಲ. ನಗು ಅವನ ಮುಖದಲ್ಲಿ ಇರುವಾಗಲೇ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ಮದುವೆಗೆ ಬೇಕಾಗುವ ಕೊಡ, ಹಂಡೆ, ಪರಾತ ಎಲ್ಲವೂ ಅವನ ಅಂಗಡಿಯಲ್ಲಿ ಸಿಗುತ್ತಿದ್ದವು. ಅವನ ಹತ್ತಿರ ಒಂದು ಉದ್ದನೆಯ ಬಿಳಿ ಕಾರಿತ್ತು, ನೋಡಲು ಚಂದ. ಮದುವೆಯ ಪಾತ್ರೆಗಳನ್ನೆಲ್ಲ ತನ್ನಲ್ಲೇ ಕೊಂಡವರಿಗೆ ಮದುಮಗನ ಮೆರವಣಿಗೆಗೆಂದು ಆ ಕಾರನ್ನು ಬಾಡಿಗೆಗೆ ಕೊಡುತ್ತಿದ್ದ. ಹೂವಿನ ಅಲಂಕಾರವನ್ನೂ ತಾನೇ ಮಾಡಿಸುತ್ತಿದ್ದ. ಜನಕ್ಕೆ ಅನುಕೂಲ, ಅಂಗಡಿಗೆ ಗಿರಾಕಿ. ಇದರಲ್ಲಿ ತಪ್ಪೇನಾದರೂ ಇದ್ದೀತು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆದರೆ ಅದು ಸ್ವಂತ ಬಳಕೆಯ ಕಾರು, ಬಿಳಿ ಬೋರ್ಡಿನದು. ಬಾಡಿಗೆಗೆ ಓಡಿಸಬೇಕಾದರೆ ಹಳದಿ ಬೋರ್ಡು ಬೇಕು, ಅದರ ವಿಮೆಯೂ ಬೇರೆ. ಊರಿನ ಟ್ಯಾಕ್ಸಿಯವರಿಗೆ ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಗಿತ್ತು. ಅವರಲ್ಲಿ ಯಾರೋ ಒಬ್ಬ ಹೂವು ಹೊತ್ತ ಆ ಕಾರಿನ ಫೋಟೋ ತೆಗೆದು ವಿಮಾ ಕಂಪನಿಗೆ ಕಳಿಸಿದ. ಕಂಪನಿಯವರು ವಿಚಾರಿಸಿದರು, ನಿಜವೆಂದು ಗೊತ್ತಾಯಿತು, ಪಾಲಿಸಿಯನ್ನು ಅರ್ಧಕ್ಕೇ ರದ್ದು ಮಾಡಿದರು.

ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. ಆವತ್ತಿಗೇ ಬಾಡಿಗೆ ನಿಲ್ಲಿಸಿದ. ವಿಷಯವನ್ನು ಹೆಂಡತಿಗೂ ಹೇಳಲಿಲ್ಲ. ಕಾರಿಗೆ ಬಟ್ಟೆ ಹೊದಿಸಿ ಮನೆಯ ಮುಂದೆ ನಿಲ್ಲಿಸಿದ. ಗಿರಾಕಿಗಳು ಕೇಳಿದರೆ ರಿಪೇರಿಗಿದೆ ಎನ್ನುತ್ತಿದ್ದ.

ಇಲ್ಲಿಯವರೆಗೆ ಅವನ ಮೇಲೆ ನನ್ನ ದೂರೇನೂ ಇಲ್ಲ. ಗೊತ್ತಿಲ್ಲದೆ ಮಾಡಿದ, ಗೊತ್ತಾದ ಕೂಡಲೇ ಬಿಟ್ಟ. ಕಾವಿ ಉಟ್ಟ ನಾವೂ ನಮ್ಮ ತಪ್ಪುಗಳನ್ನು ಅಷ್ಟು ಬೇಗ ಬಿಡುವುದಿಲ್ಲ.

ಅದೇ ಸುಮಾರಿಗೆ ಅವನ ಮಗನಿಗೆ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆ ಪಕ್ಕದ ಊರಿನಲ್ಲಿ ವಿಮಾ ಏಜೆಂಟ್. ಬೇರೊಂದು ಕಂಪನಿಯವನು. ಮಾತುಕತೆ ಮುಗಿದು ನಿಶ್ಚಿತಾರ್ಥವೂ ಆಯಿತು. ಇನ್ನು ಕಾರಿನ ವಿಮೆಯನ್ನು ಬೇರೆಯವರ ಹತ್ತಿರ ಮಾಡಿಸುವುದು ಹೇಗೆ? ಬಟ್ಟೆ ಅಂಗಡಿಯವನು ಬೀಗನಾದರೆ ಜವಳಿ ಅಲ್ಲೇ ತೆಗೆಯಬೇಕು, ಏಜೆಂಟ್ ಬೀಗನಾದರೆ ವಿಮೆ ಅವನಲ್ಲೇ ಮಾಡಿಸಬೇಕು. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ.

ಒಂದು ದಿನ ಬೀಗರು ಊಟಕ್ಕೆ ಬಂದರು. ಹೋಳಿಗೆ ಊಟವಾಯಿತು. ಎಲೆಯಡಿಕೆ ಹಾಕಿಕೊಳ್ಳುವಾಗ ಚೀಲದಿಂದ ಅರ್ಜಿ ತೆಗೆದರು. ಬೀಗರ ಕೈಗೆ ಕಾಗದ ಕೊಟ್ಟು ತುಂಬಿಸಿ ಎನ್ನುವುದು ಚೆನ್ನಾಗಿರುವುದಿಲ್ಲವೆಂದು ತಾವೇ ಒಂದೊಂದು ಪ್ರಶ್ನೆ ಓದಿ, ಉತ್ತರ ಕೇಳಿ, ಬರೆಯುತ್ತ ಹೋದರು. ಹಳೆಯ ಪಾಲಿಸಿಯ ಕಾಗದವನ್ನೂ ಕೇಳಲಿಲ್ಲ, ಅದು ಮುಗಿದ ತಾರೀಖನ್ನು ಬಾಯಿಮಾತಿನಲ್ಲೇ ಕೇಳಿ ಬರೆದುಕೊಂಡರು. ಹೆಣ್ಣು ಕೊಡುತ್ತಿರುವ ಮನೆಯಲ್ಲಿ ಕೂತು ದಾಖಲೆ ತೋರಿಸಿ ಎನ್ನುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ.

ಒಂದು ಪ್ರಶ್ನೆ ಬಂದಾಗ ಮಾತ್ರ ಅವರು ಸಂಕೋಚಪಟ್ಟರು. “ಇದನ್ನ ನಿಮಗೆ ಕೇಳಬಾರದು ಬೀಗರೇ, ಆದ್ರೂ ಕಂಪನಿ ಕೇಳುತ್ತೆ. ಹಿಂದೆ ಯಾವುದಾದ್ರೂ ಕಂಪನಿ ನಿಮ್ಮ ಪಾಲಿಸಿ ರದ್ದು ಮಾಡಿತ್ತಾ?”

ವ್ಯಾಪಾರಿಯ ಬಾಯಲ್ಲಿ ಎಲೆಯಡಿಕೆ ಇತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿ ಬಂತು ಬೀಗರೇ. ಅಂಥದ್ದೇನೂ ಇಲ್ಲ.”

“ಮತ್ತೆ ನಡುವೆ ಸ್ವಲ್ಪ ದಿನ ವಿಮೆನೇ ಇಲ್ಲವಲ್ಲ?”

“ಮದುವೆ ಓಡಾಟ ನೋಡಿ, ಮರೆತೇಬಿಟ್ಟೆ.”

ಬೀಗರು ನಕ್ಕರು. ‘ಇಲ್ಲ’ ಎಂದು ಬರೆದರು. ವ್ಯಾಪಾರಿ ರುಜು ಹಾಕಿದ. ಎಲ್ಲವನ್ನೂ ತಾನು ಕೇಳಿ ತಿಳಿದುಕೊಂಡಿದ್ದೇನೆ ಎಂಬ ಮಾತಿನ ಕೆಳಗೆ ಬೀಗರೂ ತಮ್ಮ ರುಜು ಹಾಕಿದರು. ನನ್ನ ಮಗಳು ಓಡಾಡುವ ಕಾರು ಎಂದು, ಒಳಗೆ ಕೂತವರಿಗೆ ಪೆಟ್ಟಾದರೂ ಪರಿಹಾರ ಸಿಗುವಂತೆ ಒಂದು ಬಾಬ್ತನ್ನು ತಾವಾಗಿಯೇ ಸೇರಿಸಿದರು.

ನೋಡು ತಮ್ಮಾ, ಅವನು ದುಡ್ಡು ಉಳಿಸಲು ಸುಳ್ಳು ಹೇಳಲಿಲ್ಲ. ಕಂಪನಿಗೆ ಟೋಪಿ ಹಾಕುವ ಯೋಚನೆಯೂ ಅವನಿಗಿರಲಿಲ್ಲ. ಹೊಸ ಬೀಗರ ಕಣ್ಣಲ್ಲಿ ಸಣ್ಣವನಾಗಬಾರದು, ಅವನಿಗೆ ಬೇಕಾಗಿದ್ದುದು ಅಷ್ಟೇ.

ಗುರುಪಾದಯ್ಯ ಹೌದೆಂದು ತಲೆ ಆಡಿಸಿದ. ಅವನಿಗೂ ಅದರಲ್ಲಿ ದೊಡ್ಡ ತಪ್ಪು ಕಾಣಲಿಲ್ಲ.

“ಆಡಿಸು, ಆಡಿಸು,” ಎಂದರು ಗುರುಗಳು. “ಇಲ್ಲಿಗೆ ಬಂದಾಗ ಎಲ್ಲರೂ ತಲೆ ಆಡಿಸುತ್ತಾರೆ.” ಮತ್ತೆ ಮುಂದುವರಿಸಿದರು.

ಮದುವೆಯಾಯಿತು. ಸೊಸೆ ಮನೆಗೆ ಬಂದಳು. ಗಟ್ಟಿಗಿತ್ತಿ, ನಗುಮುಖದವಳು. ಮಾವನನ್ನು ಅಪ್ಪಾಜಿ ಎಂದು ಕರೆಯುತ್ತಿದ್ದಳು. ಅಂಗಡಿಯ ಮಾತನ್ನು ವ್ಯಾಪಾರಿ ಮಗನಿಗಿಂತ ಅವಳ ಜೊತೆಗೇ ಹೆಚ್ಚು ಆಡುತ್ತಿದ್ದ.

ಗೌರಿ ಹಬ್ಬ ಬಂತು. ಮಗ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳ ತವರಿಗೆ ಹೊರಟ. ಹಳ್ಳದ ಸೇತುವೆಯ ಹತ್ತಿರ ಒಂದು ಕರು ಅಡ್ಡ ನುಗ್ಗಿತು. ಮಗ ಅದನ್ನು ಉಳಿಸಲು ಹೋದ. ಕರು ಉಳಿಯಿತು. ಕಾರು ಸೇತುವೆಯ ಕಟ್ಟೆಗೆ ಗುದ್ದಿ ಮುಂಭಾಗ ನಜ್ಜುಗುಜ್ಜಾಯಿತು. ಮಗನಿಗೆ ತರಚು ಗಾಯ. ಸೊಸೆಯ ಬಲಗಾಲಿನ ಮೂಳೆ ಪುಡಿಯಾಗಿತ್ತು. ಆಪರೇಷನ್ ಆದರೂ ಮೊದಲಿನಂತೆ ನಡೆಯುತ್ತಾಳೆಂದು ಹೇಳಲಾಗದು ಎಂದರು ಡಾಕ್ಟರು.

ಬೀಗರು ಆಸ್ಪತ್ರೆಗೆ ಓಡಿ ಬಂದರು. ಮಗಳನ್ನು ನೋಡಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ವ್ಯಾಪಾರಿಯ ಕೈ ಹಿಡಿದು ಅವರೇ ಧೈರ್ಯ ಹೇಳಿದರು: “ಹೆದರಬೇಡಿ ಬೀಗರೇ. ಕಾರಿಗೂ ವಿಮೆ ಇದೆ, ಕೂತೋರಿಗೂ ಇದೆ. ನಾನೇ ಮುಂದೆ ನಿಂತು ಎಲ್ಲಾ ಮಾಡಿಸ್ತೀನಿ.”

ಆಗಲಾದರೂ ವ್ಯಾಪಾರಿ ನಿಜ ಹೇಳಬಹುದಿತ್ತು. ಹುಡುಗಿ ಹಾಸಿಗೆಯಲ್ಲಿ ಬಿದ್ದಿರುವಾಗ ಅವಳ ಅಪ್ಪನಿಗೆ ಈ ಮಾತು ಹೇಗೆ ಹೇಳುವುದು, ನಾಳೆ ಹೇಳಿದರಾಯಿತು ಎಂದುಕೊಂಡ. ಸುಳ್ಳು ಹೇಳಲು ಯಾರೂ ಪಂಚಾಂಗ ನೋಡುವುದಿಲ್ಲ. ನಿಜ ಹೇಳಲು ಮಾತ್ರ ಎಲ್ಲರಿಗೂ ಒಳ್ಳೆಯ ಗಳಿಗೆ ಬೇಕು.

ಆ ಗಳಿಗೆ ಬರುವ ಮೊದಲೇ ಕಂಪನಿಯ ಅಧಿಕಾರಿ ಬಂದ. ಪೆಟ್ಟಾದವಳ ಹೇಳಿಕೆ ಪಡೆಯಲು ವಾರ್ಡಿಗೇ ಬಂದ. ಮಂಚದ ಸುತ್ತ ಎಲ್ಲರೂ ಇದ್ದರು. ಮೆಲ್ಲಗೆ ಮಾತಾಡುವ ಮನುಷ್ಯ. ಈಗಿನ ಕಾಲದಲ್ಲಿ ಕಾರಿನ ನಂಬರು ಒತ್ತಿದರೆ ಅದರ ಹಿಂದಿನದೆಲ್ಲ ಸಿಗುತ್ತದೆ. ಈ ಕಾರಿನ ಪಾಲಿಸಿಯನ್ನು ಹಿಂದೊಂದು ಕಂಪನಿ ರದ್ದು ಮಾಡಿದೆ, ನೀವು ಇಲ್ಲವೆಂದು ಬರೆದಿದ್ದೀರಿ ಎಂದ.

ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಬೀಗರು ಎದ್ದು ನಿಂತರು. ಅವರ ದನಿ ಏರಿತು. “ಅದು ಬೇರೆ ಯಾವುದೋ ಕಾರಿರಬೇಕು ಸಾರ್. ನಮ್ಮ ಬೀಗರು ಸುಳ್ಳು ಹೇಳೋ ಮನುಷ್ಯರಲ್ಲ. ಅದಕ್ಕೆ ನಾನು ಹೊಣೆ.”

ಅಧಿಕಾರಿ ವಾದ ಮಾಡಲಿಲ್ಲ. ಫೋನು ತೆಗೆದು ಹಳೆಯ ಕಂಪನಿಯಿಂದ ತರಿಸಿಕೊಂಡಿದ್ದ ಒಂದು ಫೋಟೋ ತೋರಿಸಿದ. ಬಿಳಿ ಕಾರು, ಮೈತುಂಬ ಹೂವು, ಹಿಂದಿನ ಗಾಜಿನ ಮೇಲೆ ಯಾರೋ ಗೊತ್ತಿಲ್ಲದ ಮದುಮಕ್ಕಳ ಹೆಸರು, ಕೆಳಗೆ ಸ್ಪಷ್ಟವಾಗಿ ನಂಬರು. ಬೀಗರು ನೋಡಿದರು. ಸೊಸೆ ದಿಂಬಿನಿಂದ ತಲೆ ಎತ್ತಿ ನೋಡಿದಳು.

“ಇದು ನಮ್ಮ ಕಾರೇ ಅಲ್ವಾ ಅಪ್ಪಾಜಿ?”

“ಹೌದಮ್ಮ,” ಎಂದ ವ್ಯಾಪಾರಿ.

ಅವನ ಹೆಂಡತಿ ಅವನನ್ನು ಮೊದಲ ಸಲ ನೋಡಿದವಳಂತೆ ನೋಡಿದಳು. ಹೊಣೆ ಎಂದ ಬೀಗರು ಮಂಚದ ಕಂಬಿ ಹಿಡಿದುಕೊಂಡು ನಿಂತೇ ಇದ್ದರು. ಸಿಟ್ಟು ಬಂದಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಅವರಿಗೆ ಸಿಟ್ಟೂ ಬರಲಿಲ್ಲ, ಆಗಿದ್ದೇನೆಂದೇ ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ.

ಅಧಿಕಾರಿ ಹೋದ ಮೇಲೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

“ಯಾಕೆ ಇಲ್ಲ ಅಂದ್ರಿ?” ಎಂದರು ಬೀಗರು.

“ನಿಮ್ಮ ಮುಂದೆ ಮರ್ಯಾದೆ ಹೋಗುತ್ತೆ ಅಂತ.” ಆಮೇಲೆ ವ್ಯಾಪಾರಿಯೇ ಕೇಳಿದ, “ಹೌದು ಅಂದಿದ್ರೆ ಏನಾಗ್ತಿತ್ತು?”

“ಯಾಕೆ ರದ್ದಾಯ್ತು ಅಂತ ಕೇಳಿ ಇನ್ನೊಂದು ಮಾತು ಬರೀತಿದ್ದೆ. ಕಂತು ಚೂರು ಹೆಚ್ಚು ಬರ್ತಿತ್ತು. ಅಷ್ಟೇ ಬೀಗರೇ. ನನ್ನ ಹತ್ರ ಅಂಥೋರು ಬರ್ತಾನೇ ಇರ್ತಾರೆ.”

ವ್ಯಾಪಾರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಯಾವ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿದನೋ ಆ ಮಾತು ಎದುರಿಗಿದ್ದವನಿಗೆ ದಿನನಿತ್ಯದ ಮಾತಾಗಿತ್ತು.

ಪರಿಹಾರ ಸಿಗಲಿಲ್ಲ, ಕಾರಿಗೂ ಇಲ್ಲ, ಹುಡುಗಿಯ ಕಾಲಿಗೂ ಇಲ್ಲ. ಅದು ಹೋಗಲಿ. ವ್ಯಾಪಾರಿಗೆ ಶಕ್ತಿಯಿತ್ತು, ಆಸ್ಪತ್ರೆಯ ಖರ್ಚೆಲ್ಲ ತಾನೇ ಹಾಕಿದ. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಬೀಗತನಕ್ಕೆ ಕಟ್ಟುಬಿದ್ದು ಏಜೆಂಟ್ ಬೇಕೆಂದೇ ಮುಚ್ಚಿಟ್ಟಿದ್ದಾನೆ ಎಂದು ಕಂಪನಿಯವರಿಗೆ ಅನುಮಾನ ಬಂತು. ಅವರನ್ನಾದರೂ ಹೇಗೆ ತಪ್ಪೆನ್ನುವುದು? ಅರ್ಜಿಯಲ್ಲಿದ್ದುದು ಬೀಗರ ಅಕ್ಷರ, ಕೆಳಗಿದ್ದುದು ಬೀಗರ ರುಜು. ಏಜೆನ್ಸಿ ಹೋಗುವ ಹಾಗಾಯಿತು. ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಇನ್ನೊಬ್ಬ ಮಗಳಿದ್ದಳು.

ವ್ಯಾಪಾರಿಗೆ ಇದು ಗೊತ್ತಾದ ಕೂಡಲೇ ಅಂಗಡಿಯ ಬಾಗಿಲು ಹಾಕಿ ಕಂಪನಿಯ ಆಫೀಸಿಗೆ ಓಡಿದ. ಈ ಸಲ ಅವನು ನಾಳೆ ಎನ್ನಲಿಲ್ಲ. ಜನರ ಎದುರಿಗೇ ಅಧಿಕಾರಿಗೆ ಕೈಮುಗಿದು ಹೇಳಿದ: “ಬೀಗರಿಗೆ ಏನೂ ಗೊತ್ತಿರಲಿಲ್ಲ ಸಾರ್. ಮುಚ್ಚಿಟ್ಟೋನು ನಾನು. ದೇವರ ಮೇಲೆ ಆಣೆ ಇಟ್ಟು ನಿಜ ಹೇಳ್ತಿದೀನಿ.”

ಅಧಿಕಾರಿಗೆ ಅವನ ಮೇಲೆ ಕನಿಕರವೇ ಇತ್ತು. “ಇರಬಹುದು ಯಜಮಾನ್ರೇ,” ಎಂದ. “ಆದ್ರೆ ಇದನ್ನ ನಿಮ್ಮ ಮಾತಿನ ಮೇಲೆ ನಾವು ಹೇಗೆ ನಂಬೋದು?”

ವ್ಯಾಪಾರಿ ಮುಗಿದ ಕೈ ಇಳಿಸಲಿಲ್ಲ. ಹಾಗೆಯೇ ನಿಂತಿದ್ದ. ಅವನು ಆಡಿದ್ದು ಅಪ್ಪಟ ನಿಜ. ಒಂದು ಮನೆಯ ಅನ್ನ ಆ ನಿಜದ ಮೇಲೆ ನಿಂತಿತ್ತು. ಅದನ್ನು ಕೊಳ್ಳುವವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಬೀಗರ ಏಜೆನ್ಸಿ ಹೋಯಿತು.

ಗುರುಗಳು ಮಾತು ನಿಲ್ಲಿಸಿದರು. ಮೊದಲು ಬಂದ ನಗು ಎಲ್ಲಿ ಹೋಯಿತೋ ಗುರುಪಾದಯ್ಯನಿಗೇ ಗೊತ್ತಿರಲಿಲ್ಲ. ಒಂದು ಸಣ್ಣ ಮಾತಿಗೆ ಇಷ್ಟು ದೊಡ್ಡ ಪೆಟ್ಟೇ ಎಂದು ಅವನಿಗೆ ಅನ್ನಿಸಿತು. ಎಲ್ಲಾದರೂ ಒಂದು ಸಮಾಧಾನ ಸಿಕ್ಕೀತೇ ಎಂದು ಹುಡುಕುವವನಂತೆ ಕೇಳಿದ.

“ಬೀಗರು ಸಂಬಂಧ ಕಡಿದುಕೊಂಡರೇ ಗುರುಗಳೇ?”

“ಇಲ್ಲ. ಹೆಣ್ಣು ಕೊಟ್ಟವರು. ಹಬ್ಬಕ್ಕೆ ಬರುತ್ತಾರೆ, ಉಂಡು ಹೋಗುತ್ತಾರೆ. ಈಗ ಯಾರದೋ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕಿದ್ದಾರೆ. ಆ ಮಾತು ಇಬ್ಬರೂ ಎತ್ತುವುದಿಲ್ಲ.”

“ಸೊಸೆ?”

“ಕಾಲು ಕೂಡಿಕೊಂಡಿತು. ಸ್ವಲ್ಪ ಎಳೆದು ನಡೆಯುತ್ತಾಳೆ. ಮಾವನಿಗೆ ಒಂದು ದಿನವೂ ಎದುರು ಮಾತಾಡಿದವಳಲ್ಲ. ಅಪ್ಪಾಜಿ ಎಂದೇ ಕರೆಯುತ್ತಾಳೆ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಅಂಗಡಿಗೆ ಒಯ್ಯಲು ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಡುತ್ತಾಳೆ.”

ಗುರುಪಾದಯ್ಯ ಉಸಿರು ಬಿಟ್ಟ. “ಹಾಗಾದರೆ ಅವಳು ಕ್ಷಮಿಸಿದಳು. ಕೊನೆಗೆ ಎಲ್ಲ ಸರಿಹೋಯಿತಲ್ಲ ಗುರುಗಳೇ.”

ಗುರುಗಳು ಜಗಲಿಯಿಂದ ಎದ್ದರು.

“ಕ್ಷಮಿಸಿದಳು ತಮ್ಮಾ, ಆದರೆ ಸಂಜೆ ಮಾವ ಮನೆಗೆ ಬಂದು ‘ಊಟ ಮಾಡಿದೆನಮ್ಮ’ ಎಂದರೆ, ಆ ಹುಡುಗಿ ಇವತ್ತಿಗೂ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳೆ.”