ಎಲ್ಲರ ಬಾಯಿಗೂ ಒಂದೇ ಬೀಗ

“ಗುರುಗಳೇ, ಇಬ್ಬರು ಜಗಳವಾಡಿದಾಗ ಇಬ್ಬರನ್ನೂ ಸಮನಾಗಿ ಸುಮ್ಮನಿರಿಸುವುದು ನ್ಯಾಯವಲ್ಲವೇ?” ಎಂದು ಶಿಷ್ಯ ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಅಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಇಬ್ಬರು ಭಕ್ತರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಅವನು ಇಬ್ಬರಿಗೂ ಸಂಜೆಯವರೆಗೆ ಮೌನ ವಿಧಿಸಿದ್ದ. ಒಬ್ಬ ಆರಾಮವಾಗಿ ತರಕಾರಿ ಹೆಚ್ಚುತ್ತ ಕೂತ. ಇನ್ನೊಬ್ಬ ಊಟವನ್ನೇ ಮುಟ್ಟಲಿಲ್ಲ. ಇದು ಶಿಷ್ಯನಿಗೆ ಅರ್ಥವಾಗಿರಲಿಲ್ಲ.

“ನ್ಯಾಯದ ವಿಷಯ ಆಮೇಲೆ. ಮೊದಲು ಒಂದು ಇಸ್ಪೀಟಿನ ಕತೆ ಕೇಳು” ಎಂದರು ಗುರು. “ಹಾಗೆ ಹುಬ್ಬೇರಿಸಬೇಡ. ಕಾವಿ ತೊಡುವ ಮುಂಚೆ ನನಗೂ ಸೋದರಮಾವಂದಿರಿದ್ದರು.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಮೊಬೈಲಿನಲ್ಲಿ ಇಸ್ಪೀಟು ಆಡಿಸುತ್ತಿದ್ದ. ತಾನೂ ಸೇರಿ ಆಟಗಾರರು ನಾಲ್ವರು. ಎಲ್ಲರೂ ಅವರವರ ಜಾಗದಲ್ಲೇ ಕೂತು ಆಡುವವರು. ಎಲೆ ಪರದೆಯ ಮೇಲೆ ಬೀಳುತ್ತಿತ್ತು, ಮಾತು ಕಿವಿಗೆ ಬೀಳುತ್ತಿತ್ತು. ಹಣ ಕಟ್ಟುವಂತಿರಲಿಲ್ಲ. ವರ್ತಕ ಉಪಚಾರ ಬಲ್ಲವನು. ಬಂದವರನ್ನು ಕಾಫಿ ಆಯಿತೇ ಎಂದು ಕೇಳದೆ ಆಟ ಶುರುಮಾಡುತ್ತಿರಲಿಲ್ಲ. ಯಾರದಾದರೂ ನೆಟ್‌ವರ್ಕ್ ಕೈಕೊಟ್ಟರೆ ಗೊಣಗದೆ ಕಾಯುತ್ತಿದ್ದ.

ಉಳಿದ ಮೂವರಲ್ಲಿ ಒಬ್ಬ ವಕೀಲ, ಒಬ್ಬ ಅಡುಗೆಯವ. ಇವರಿಬ್ಬರೂ ಒಂದು ಜೋಡಿ. ವರ್ತಕನ ಜೋಡಿ ಅವನ ಭಾವಮೈದುನ. ಅವನಿಗೆ ಮಾತು ಕಡಿಮೆ, ನಿದ್ದೆ ಜಾಸ್ತಿ. ಅಡುಗೆಯವ ದೂರದ ಸೂರತ್ತಿನಲ್ಲಿ ಗಿರಣಿಯೊಂದರ ಕ್ಯಾಂಟೀನಿನಲ್ಲಿದ್ದ. ಬೆಳಗಿನ ಪಾಳಿಯ ಅಡುಗೆ ಅವನದು. ಅಲ್ಲಿ ಅವನ ಜೊತೆ ಕನ್ನಡ ಆಡುವವರು ಒಬ್ಬರೂ ಇರಲಿಲ್ಲ. ಸಂಜೆಯ ಆ ಒಂದು ಗಂಟೆಯೇ ಅವನ ಪಾಲಿಗೆ ಊರು.

ಆಟ ನಡೆಸುವವನ ಪರದೆಯಲ್ಲಿ ಬೀಗದ ಗುರುತುಗಳಿರುತ್ತವೆ. ಒಂದನ್ನು ಒತ್ತಿದರೆ ಒಬ್ಬನ ದನಿ ಮಾತ್ರ ನಿಲ್ಲುತ್ತದೆ, ಇನ್ನೊಂದನ್ನು ಒತ್ತಿದರೆ ಎಲ್ಲರದೂ ನಿಲ್ಲುತ್ತದೆ. ಕರೆದು ಕೂರಿಸಿದವರಲ್ಲಿ ಒಬ್ಬನ ಬಾಯಿಗೆ ಮಾತ್ರ ಬೀಗ ಹಾಕುವುದು ಮರ್ಯಾದೆಯಲ್ಲ ಎಂದು ವರ್ತಕ ನಂಬಿದ್ದ. ಆದ್ದರಿಂದ ಯಾರು ದನಿ ಏರಿಸಿದರೂ ಅವನು ಎಲ್ಲರಿಗೂ ಬೀಗ ಹಾಕುತ್ತಿದ್ದ, ತನ್ನನ್ನೂ ಬಿಡುತ್ತಿರಲಿಲ್ಲ. ಆ ಸಂಜೆಯ ಆಟ ಮುಗಿಯುವವರೆಗೆ ಅದನ್ನು ತೆಗೆಯುತ್ತಲೂ ಇರಲಿಲ್ಲ. ಈ ಪದ್ಧತಿಯ ಬಗ್ಗೆ ಅವನಿಗೆ ಹೆಮ್ಮೆ. ಹೆಮ್ಮೆಪಟ್ಟ ಕೆಲಸವನ್ನು ಯಾರು ತಾನೇ ತಿರುಗಿ ನೋಡುತ್ತಾರೆ?

ಒಂದು ಸಂಜೆ ಅಡುಗೆಯವ ತುರುಫಿನ ಎಲೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಿದ. ಗೆಲ್ಲಬೇಕಾದ ಆಟ ಕೈತಪ್ಪಿತು. ವಕೀಲ ರೇಗಿದ.

“ಸೌಟು ಹಿಡಿಯೋ ಕೈಗೆ ಇಸ್ಪೀಟು ಯಾಕ್ರೀ ಕೊಡ್ತೀರಿ? ಹೋಗಿ ಸಾರು ಕುದಿಸ್ಕೊಂಡಿರಲಿ!”

ಭಾವಮೈದುನ ಕಿಸಕ್ಕನೆ ನಕ್ಕ. ಅಡುಗೆಯವ “ವಕೀಲ್ರೇ, ನಾನು...” ಎನ್ನುವಷ್ಟರಲ್ಲಿ ಬೀಗ ಬಿತ್ತು. ವಕೀಲನ ಮಾತು ಎಲ್ಲರ ಕಿವಿ ಸೇರಿತ್ತು. ಅಡುಗೆಯವನದು ಗಂಟಲಲ್ಲೇ ಉಳಿಯಿತು.

ವಕೀಲ ಕೆಟ್ಟವನಲ್ಲ, ಅವನ ಬಾಯಿ ಕೆಟ್ಟದ್ದು. ಆದರೆ ಜಾಣ. ಬೀಗ ಬೀಳುವುದು ತನ್ನ ಮಾತು ಮುಗಿದ ಮೇಲೆ ಎಂಬುದು ಅವನಿಗೆ ಬೇಗ ತಿಳಿಯಿತು. ಅಲ್ಲಿಂದ ಮುಂದೆ ಜೋಡಿಯ ಎಲೆ ತಪ್ಪಿದಾಗಲೆಲ್ಲ ಒಂದು ಮಾತು ಒಗೆದು ತೆಪ್ಪಗಾಗುತ್ತಿದ್ದ. ಉಳಿದದ್ದನ್ನು ಬೀಗ ನೋಡಿಕೊಳ್ಳುತ್ತಿತ್ತು. ಅಡುಗೆಯವ ಆ ಮಾತನ್ನು ಎದೆಯ ಮೇಲೆ ಹೊತ್ತು ಮಲಗುತ್ತಿದ್ದ, ಅದರ ಜೊತೆಗೇ ಏಳುತ್ತಿದ್ದ. ಆದರೂ ಮರುಸಂಜೆ ತಪ್ಪದೆ ಬರುತ್ತಿದ್ದ. ಬಾರದೆ ಎಲ್ಲಿಗೆ ಹೋಗಬೇಕು?

ಕೊನೆಗೆ ಅವನು ವರ್ತಕನಿಗೆ ಫೋನು ಮಾಡಿದ.

“ಯಜಮಾನ್ರೇ, ಬೀಗ ಹಾಕಬೇಡಿ ಅನ್ನಲ್ಲ. ನಾನೂ ಒಂದು ಮಾತು ಆಡಿದ ಮೇಲೆ ಹಾಕಿ.”

“ನಿನಗೆ ಹಾಕಿದ್ದನ್ನೇ ವಕೀಲರಿಗೂ ಹಾಕಿದೀನಲ್ಲಪ್ಪ. ನಾನೂ ಹಾಕ್ಕೊಂಡಿದೀನಿ. ಇನ್ನೇನು ಮಾಡಲಿ ಹೇಳು?”

ವರ್ತಕನ ಮಾತಿನಲ್ಲಿ ತಪ್ಪು ಹುಡುಕಲು ಅಡುಗೆಯವನಿಗೆ ಬರಲಿಲ್ಲ. ಫೋನು ಇಟ್ಟ.

ಮರುದಿನ ಬೆಳಿಗ್ಗೆಯೆಲ್ಲ ಒಲೆಯ ಮುಂದೆ ನಿಂತು ಅವನು ಒಂದು ಮಾತನ್ನು ಮನಸ್ಸಿನಲ್ಲಿ ಮಸೆದ. ಸಂಜೆ ಎಲೆ ಹಂಚುವ ಮುನ್ನ, ಯಾರೂ ಏನೂ ಅನ್ನುವ ಮುನ್ನ, ಅದನ್ನು ಆಡಿಬಿಟ್ಟ.

“ವಕೀಲ್ರೇ, ನಿಮ್ಮ ಬಾಯಿ ತಡೀಲಾರ್ದೆ ನಿಮ್ಮ ಮನೆಯವ್ರೇ ತವರು ಸೇರ್ಕೊಂಡ್ರಂತಲ್ಲ!”

ವಕೀಲನ ಹೆಂಡತಿ ಮನೆ ಬಿಟ್ಟು ವರ್ಷವಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಭಾವಮೈದುನನ ನಿದ್ದೆಯೂ ಹಾರಿತು. ವರ್ತಕ ಗಾಬರಿಯಾಗಿ ಬೀಗ ಒತ್ತಿದ.

ಪರದೆಯ ಮೇಲೆ ನಾಲ್ಕು ಹೆಸರುಗಳಿದ್ದವು, ಒಂದು ದನಿಯೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಆಡಿದ್ದು ಎಂಥ ಮಾತು ಎಂದು ಅಡುಗೆಯವನಿಗೆ ಆಗ ತಿಳಿಯಿತು. “ತಪ್ಪಾಯ್ತು ವಕೀಲ್ರೇ” ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ, ಕೂಗಿ ಹೇಳಿದ. ಬೈಗುಳವನ್ನು ತಡೆಯುವ ಬೀಗ ಕ್ಷಮೆಯನ್ನೂ ತಡೆಯುತ್ತದೆ. ಅದಕ್ಕೇನು ಗೊತ್ತು? ಸ್ವಲ್ಪ ಹೊತ್ತಿಗೆ ವಕೀಲನ ಹೆಸರು ಪರದೆಯಿಂದ ಮಾಯವಾಯಿತು.

ಮಾರನೆಯ ಸಂಜೆ ವಕೀಲ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಅಡುಗೆಯವನೂ ಬರಲಿಲ್ಲ. ಸೂರತ್ತಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತ. ಅವನ ಊರು ಅಲ್ಲಿಗೆ ಮುಗಿಯಿತು. ಆ ಬಡಪಾಯಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಒಂದು ಮಾತಿಗೆ ಒಂದು ಮಾತು ಎಂದು ವರ್ತಕ ಮೊದಲ ದಿನವೇ ಅವಕಾಶ ಕೊಟ್ಟಿದ್ದರೆ ಅಡುಗೆಯವ “ಕೈ ತಪ್ಪಿತು, ಬೈಬೇಡಿ” ಎಂದು ಹೇಳಿ ಹಗುರವಾಗುತ್ತಿದ್ದ. ಅಷ್ಟೇ ಇದ್ದದ್ದು.

ಕತೆ ಮುಗಿಸಿ ಗುರು ಚೊಂಬೆತ್ತಿ ನೀರು ಕುಡಿದರು. ಶಿಷ್ಯ ಯೋಚಿಸಿದ.

“ಬಾಯಿ ಸಡಿಲ ಬಿಟ್ಟವರು ಅವರಿಬ್ಬರು, ಗುರುಗಳೇ. ವರ್ತಕ ಯಾರ ಕಡೆಗೂ ಸೇರಲಿಲ್ಲವಲ್ಲ?”

“ಏಟು ಬಿದ್ದ ಮೇಲೆ ಇಬ್ಬರ ಕೈಯನ್ನೂ ಕಟ್ಟುವವನು ಹೊಡೆದವನ ಕಡೆಯವನೇ, ಮಗು” ಎಂದರು ಗುರು.

ಶಿಷ್ಯ ಎದ್ದು ಅಡುಗೆಮನೆಯ ಕಡೆ ನಡೆದ.