ಬಣ್ಣಗಾರನ ಕೆಳಗಿನ ಮನೆ

“ಗುರುಗಳೇ, ನದಿ ದಂಡೆಯ ಕಸುಬುಗಳಿಗೆ ಅಪ್ಪಣೆ ಕೊಡುವ ಕೆಲಸ ನನಗೆ ಸಿಕ್ಕಿದೆ. ಕೋಟೆಯಲ್ಲಿ ಒಳ್ಳೆಯ ಮನೆಯನ್ನೂ ಕೊಟ್ಟಿದ್ದಾರೆ. ಆದರೆ ಅಪ್ಪಣೆ ಬೇಗ ಕೊಟ್ಟರೆ ನದಿ ಕೆಡುತ್ತದೆ, ತಡಮಾಡಿದರೆ ಜನ ಕಂಗಾಲಾಗುತ್ತಾರೆ. ನಾನು ಯಾವುದನ್ನು ಮಾಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಮದುವೆ ಸೀರೆಗಳ ನೂಲಿಗೆ ಕೆಂಪು ಹಾಕಿ ನದಿಯಲ್ಲಿ ತೊಳೆಯಬೇಕಿತ್ತು. ಮದುವೆಯ ಕಾಲ ತಪ್ಪಿದರೆ ವರ್ಷವಿಡೀ ಅವನ ಒಲೆ ಉರಿಯುತ್ತಿರಲಿಲ್ಲ.

ಅದಕ್ಕೆ ಅಪ್ಪಣೆ ಕೊಡುವವರು ನದಿಯ ಮೇಲ್ಭಾಗದ ಕೋಟೆಯಲ್ಲಿದ್ದರು. ನೀರಿನ ಅಧಿಕಾರಿ, ಮೀನಿನ ಅಧಿಕಾರಿಯನ್ನು ಕೇಳು ಎಂದ. ಮೀನಿನವನು, ಮರದವನನ್ನು ಕೇಳು ಎಂದ. ಮರದವನು, ನೀರಿನವನು ಒಪ್ಪಿದರೆ ನನ್ನದೇನಿದೆ ಎಂದ. ಒಬ್ಬನೂ ದಂಡೆಗೆ ಬರಲಿಲ್ಲ.

ಬಣ್ಣಗಾರ ರಾಜನಿಗೆ ದೂರು ಕೊಟ್ಟ. ಕೇಳಿದವರಿಗೆಲ್ಲ ಅಂದೇ ಅಪ್ಪಣೆ ಕೊಡಿ ಎಂದು ರಾಜ ಗದರಿದ. ಅಧಿಕಾರಿಗಳು ಹಾಗೆಯೇ ಮಾಡಿದರು. ನದಿ ಕೆಂಪಾಯಿತು. ಕೆಳಗಿನ ಕೇರಿಯವರ ಪಂಚೆಗಳು ಕೆಂಪಾದವು. ಬಾತುಕೋಳಿಗಳೂ ಕೆಂಪಾದವು. ಬಣ್ಣದ ಒಲೆಗಳನ್ನೆಲ್ಲ ಆರಿಸಿಬಿಡಿ ಎಂದು ಕೇರಿಯವರು ಅರಮನೆಯ ಮುಂದೆ ಕುಳಿತರು.

ರಾಜನಿಗೆ ದಿಕ್ಕು ತೋಚಲಿಲ್ಲ. ರಾಣಿ ಹೇಳಿದಳು: “ನಿಯಮ ಬದಲಾಯಿಸಿ ನೋಡಿದ್ದಾಯಿತು. ಈ ಸಲ ಅಧಿಕಾರಿಗಳ ಮನೆ ಬದಲಾಯಿಸಿ.”

ಮೂವರಿಗೂ ಕೆಳಗಿನ ಕೇರಿಯಲ್ಲಿ, ಬಣ್ಣಗಾರ ನೂಲು ತೊಳೆಯುವ ಮೆಟ್ಟಿಲುಗಳ ಕೆಳಗೇ ಮನೆ ಸಿಕ್ಕಿತು. ಮರುದಿನ ಬೆಳಿಗ್ಗೆ ನೀರಿನ ಅಧಿಕಾರಿ ಸ್ನಾನ ಮುಗಿಸಿ, ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಬಣ್ಣಗಾರನ ಬಾಗಿಲಿಗೆ ಬಂದ. ಹಿಂದೆ ಇನ್ನಿಬ್ಬರು.

“ಏನಯ್ಯಾ, ನನ್ನ ಗಡ್ಡಕ್ಕೂ ಬಣ್ಣ ಹಾಕಿದೆಯಲ್ಲ?”

“ಒಪ್ಪುತ್ತದೆ ಬಿಡಿ ಸ್ವಾಮಿ. ಅದಕ್ಕೆ ಕೂಲಿ ಕೇಳೋದಿಲ್ಲ.”

“ಹಾಸ್ಯ ಸಾಕು. ತೊಳೆದ ನೀರನ್ನು ಬೇರೆ ಕಡೆ ಬಿಡಬಾರದೇ?”

“ಬಿಡಬಹುದು. ಎಲ್ಲಿ ಬಿಡಲಿ? ನೀವು ಮೂವರೂ ಒಟ್ಟಿಗೆ ನಿಂತಿದ್ದನ್ನು ಇವತ್ತೇ ನೋಡಿದ್ದು.”

ಮೂವರೂ ಒಟ್ಟಿಗೆ ನಡೆದರು. ಬಾವಿಗಳಿಂದ ದೂರದಲ್ಲಿ ಒಂದು ಪಾಳು ಜಾಗ ಹುಡುಕಿದರು. ಅಲ್ಲಿ ಗುಂಡಿ ತೋಡಿಸಿ, ತೊಳೆದ ನೀರನ್ನು ಅದರಾಚೆ ಬಿಡಬಾರದೆಂದು ಹೇಳಿ, ಊಟದ ಹೊತ್ತಿಗೆ ಮುದ್ರೆ ಒತ್ತಿದರು. ಮದುವೆ ಸೀರೆಗಳು ಸಿದ್ಧವಾದವು. ನದಿ ತನ್ನ ಬಣ್ಣಕ್ಕೆ ಮರಳಿತು. ಬಾತುಕೋಳಿಗಳು ಸ್ವಲ್ಪ ತಡವಾಗಿ ಮರಳಿದವು.

ಶಿಷ್ಯ ಮನಸಾರೆ ನಕ್ಕ. “ತಿಳಿಯಿತು ಗುರುಗಳೇ. ನಾಳೆಯೇ ಕುಳಿತು ಹೊಸ ನಿಯಮಗಳನ್ನು ಬರೆಯುತ್ತೇನೆ.”

ಗುರುಗಳೂ ನಕ್ಕು ಕೇಳಿದರು: “ಕೋಟೆಯ ಮನೆಯಲ್ಲಿ ಕುಳಿತೋ?”